ಬೀಬಿ ಹಾಡಿದ ಭಾನುವಾರ

ಕೋವಿಡ್‌ನ ಎರಡನೇ ಅಲೆ ಇಳಿದ ಮರುವರ್ಷ, ಅರವತ್ತೇಳು ತುಂಬಿದ ಮೇಲೆ, ನನ್ನ ಹೆಸರಿನ ವಿಸಿಟಿಂಗ್ ಕಾರ್ಡ್ ಮೊದಲ ಬಾರಿಗೆ ಅಚ್ಚಾಯಿತು. ಹೆಸರಿನ ಕೆಳಗೆ ‘ಮ್ಯೂಸಿಕ್ ಕ್ಯುರೇಟರ್, ಕಡೂರು’ ಎಂದಿತ್ತು. ವೇದಿಕೆಯ ಮೇಲೆ ಯಾವ ದಿನ ಯಾರು ಕೂರಬೇಕು, ಏನು ನುಡಿಸಬೇಕು ಎಂದು ಗೊತ್ತುಮಾಡುವ ಕೆಲಸ. ಅದಕ್ಕೆ ಮೊದಲು ತರೀಕೆರೆಯ ಒಂದು ಶಾಲೆಯಲ್ಲಿ ಮೂರು ದಶಕ ಮ್ಯೂಸಿಕ್ ಟೀಚರ್ ಆಗಿದ್ದೆ. ಅಲ್ಲಿ ಯಾರೂ ಕಾರ್ಡ್ ಮಾಡಿಸಿಕೊಟ್ಟಿರಲಿಲ್ಲ. ಮಕ್ಕಳು ‘ಮಿಸ್’ ಅನ್ನುತ್ತಿದ್ದರು, ಅಷ್ಟು ಸಾಕಾಗಿತ್ತು.

ಕಾರ್ಡ್ ಮಾಡಿಸಿದವಳು ಸುಷ್ಮಾ, ನನ್ನ ಹಳೆಯ ವಿದ್ಯಾರ್ಥಿನಿ. ಅವಳ ತಂದೆಯವರದು ಕಡೂರಿನಲ್ಲಿ ಕೊಬ್ಬರಿ ಮಂಡಿ. ಅವಳು ತರೀಕೆರೆಯ ಅಜ್ಜಿಮನೆಯಲ್ಲಿದ್ದು ನಮ್ಮ ಶಾಲೆಗೆ ಬರುತ್ತಿದ್ದಳು. ಕ್ಲಾಸ್ ಮುಗಿದರೂ ಪಿಯಾನೋ ಪಕ್ಕದಿಂದ ಕದಲುತ್ತಿರಲಿಲ್ಲ. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಕೆಲವು ವರ್ಷ ಮೈಸೂರಿನಲ್ಲಿ ಕೆಲಸ ಮಾಡಿ ಬಂದಳು. ನನ್ನ ಕಣ್ಣಿನ ಆಪರೇಷನ್ ಆದಾಗ ದಿನವೂ ಕಡೂರಿನಿಂದ ಬಸ್ಸಿನಲ್ಲಿ ತರೀಕೆರೆಯ ನಮ್ಮ ಮನೆಗೆ ಬಂದು ಡ್ರಾಪ್ಸ್ ಹಾಕಿ ಹೋಗುತ್ತಿದ್ದವಳು ಇವಳೇ. ಸಚ್ ಎ ಡಿಯರ್ ಗರ್ಲ್, ಎಂದು ನಾನು ಎಲ್ಲರ ಬಳಿಯೂ ಹೇಳಿಕೊಂಡಿದ್ದೆ. ಈ ಮಾತನ್ನು ಮೊದಲೇ ಬರೆದಿಟ್ಟುಬಿಡುತ್ತೇನೆ, ಏಕೆಂದರೆ ಮುಂದೆ ಬರುವುದನ್ನು ಓದುವಾಗ ಅವಳನ್ನು ಹುಟ್ಟಾ ಕೆಟ್ಟವಳು ಎಂದು ಯಾರೂ ತಿಳಿಯಬಾರದು.

ಬಿ.ಎಚ್. ರಸ್ತೆಯ ಮೇಲೆ ಅವರದೊಂದು ಹಳೆಯ ಕೊಬ್ಬರಿ ಗೋದಾಮು ಖಾಲಿ ಬಿದ್ದಿತ್ತು. ಸುಷ್ಮಾ ಅದನ್ನು ತೊಳೆಸಿ, ಬಣ್ಣ ಹೊಡೆಸಿ, ‘ಗೋಡೌನ್’ ಎಂದೇ ಬೋರ್ಡ್ ಹಾಕಿದಳು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಲೈವ್ ಮ್ಯೂಸಿಕ್, ರೆಟ್ರೋ ಗೇಮ್ಸ್, ಊಟ’. ಒಂದು ತುದಿಯಲ್ಲಿ ಅಡುಗೆಮನೆ ಮತ್ತು ಟೇಬಲ್ಲುಗಳು, ಇನ್ನೊಂದು ತುದಿಯಲ್ಲಿ ಮರದ ವೇದಿಕೆ. ನಡುವಿನ ಗೋಡೆಯುದ್ದಕ್ಕೂ ಹಳೆಯ ಕಾಲದ ವಿಡಿಯೋ ಗೇಮ್ ಮಷಿನ್‌ಗಳು, ಆಳೆತ್ತರದ ಮರದ ಡಬ್ಬಗಳು. ಶಿವಮೊಗ್ಗ, ದಾವಣಗೆರೆ ಕಡೆ ಮುಚ್ಚಿಹೋದ ಪಾರ್ಲರ್‌ಗಳಿಂದ ತಂದವು. ಕಾಯಿನ್ ಹಾಕಿ, ಹಿಡಿಕೆ ತಿರುಗಿಸಿ ಕಾರು ಓಡಿಸುವುದು, ವಿಮಾನ ಹೊಡೆದುರುಳಿಸುವುದು. ಎಷ್ಟು ತೊಳೆದರೂ ಕೊಬ್ಬರಿಯ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಲಿಲ್ಲ. ಮಂಡಕ್ಕಿ ಮಿರ್ಚಿಗೆ ಮೆನು ಕಾರ್ಡಿನಲ್ಲಿ ಇಂಗ್ಲಿಷಿನ ಉದ್ದ ಹೆಸರು ಕೊಟ್ಟಿದ್ದರು. ಬಂದವರು ಅದರ ಮೇಲೆ ಬೆರಳಿಟ್ಟು “ಇದೇನಮ್ಮ, ಮಂಡಕ್ಕಿನಾ?” ಎಂದು ಕೇಳಿಯೇ ಆರ್ಡರ್ ಕೊಡುತ್ತಿದ್ದರು.

ವೇದಿಕೆಗೆ ಬೆಂಗಳೂರಿನಿಂದ ಗಿಟಾರ್ ಹುಡುಗರನ್ನು ಕರೆಸುವ ಆಲೋಚನೆ ಸುಷ್ಮಾಳದು. ನಾನು ಬೇಡವೆಂದೆ. ಹಿಂದೊಮ್ಮೆ ಸಖರಾಯಪಟ್ಟಣದ ಒಂದು ಮದುವೆಯಲ್ಲಿ ದಿಬ್ಬಣದ ಮುಂದೆ ಹೋಗುತ್ತಿದ್ದ ಬ್ಯಾಂಡ್ ಸೆಟ್ಟಿನಲ್ಲಿ ಒಬ್ಬರು ಕ್ಲಾರಿನೆಟ್‌ನಲ್ಲಿ ಶಿವರಂಜನಿ ರಾಗ ನುಡಿಸಿದ್ದರು. ಸುತ್ತಲೂ ಪಟಾಕಿ, ಕುಣಿತ, ಹಾರ್ನ್. ಕೇಳುತ್ತಿದ್ದವಳು ನಾನೊಬ್ಬಳೇ ಇರಬೇಕು. ಅವರು ಬೀರೂರಿನ ವಾಜಿದ್ ಸಾಹೇಬರು ಎಂದು ಆಮೇಲೆ ತಿಳಿಯಿತು.

ಬೀರೂರಿನ ಸ್ಟೇಷನ್ ರಸ್ತೆಯಲ್ಲಿ ಅವರದು ಕುಕ್ಕರ್, ಗ್ಯಾಸ್ ಸ್ಟೌ ರಿಪೇರಿಯ ಸಣ್ಣ ಅಂಗಡಿ. ಬಾಗಿಲ ಮೇಲೆ ಬಣ್ಣ ಮಾಸಿದ ಬ್ಯಾಂಡಿನ ಬೋರ್ಡು. ಮದುವೆಗಳಿಗೆ ಡಿಜೆ ಗಾಡಿ ಬಂದ ಮೇಲೆ ಬ್ಯಾಂಡನ್ನು ಕರೆಯುವವರು ಕಡಿಮೆಯಾಗಿದ್ದರು. ನಾನು ಹೋದಾಗ ಅವರ ಜೊತೆ ಸೈಡ್ ಡ್ರಮ್ ಬಾರಿಸುವ ಅಜ್ಜಂಪುರದ ಈರಣ್ಣನೂ ಅಲ್ಲೇ ಬೆಂಚಿನ ಮೇಲೆ ಕೂತಿದ್ದ.

“ಶನಿವಾರ, ಭಾನುವಾರ ಕಡೂರಿನಲ್ಲಿ ನುಡಿಸಬೇಕು ಸಾಹೇಬರೇ” ಎಂದೆ.

“ಯಾರ್ ಮದ್ವೆ ಟೀಚರಮ್ಮ?”

“ಮದುವೆ ಅಲ್ಲ. ಜನ ಕೇಳೋದಕ್ಕೆ ಅಂತಲೇ ಬರ್ತಾರೆ. ನೀವು ಕುರ್ಚಿ ಮೇಲೆ ಕೂತು ನುಡಿಸ್ತೀರಿ.”

ಸಾಹೇಬರು ಕೈಯಲ್ಲಿದ್ದ ಗ್ಯಾಸ್ಕೆಟ್ ಕೆಳಗಿಟ್ಟರು. “ಕೂತ್ಕೊಂಡಾ? ಬ್ಯಾಂಡ್‌ನೋರು ಕೂತ್ರೆ ಮೆರವಣಿಗೆ ನಿಂತೋಗಲ್ವಾ?”

“ಮೆರವಣಿಗೆನೇ ಇಲ್ಲ.”

“ಸಾಬ್ರೇ, ಕೂರೋದೇನೋ ಕೂರ್ತೀರ” ಎಂದ ಈರಣ್ಣ. “ನಿಮ್ ಮಂಡಿ ನೋಡಿದ್ರೆ ಎದ್ದೇಳೋಕೆ ಕ್ರೇನ್ ತರಿಸ್ಬೇಕಾಯ್ತದೆ.”

“ನೀನು ಬಾಯ್ಮುಚ್ಚಲೇ. ಕ್ರೇನ್ ಬಂದ್ರೆ ಮೊದ್ಲು ನಿನ್ ಹೊಟ್ಟೆ ಎತ್ಲಿ.”

ಬ್ಯಾಂಡ್ ಸೆಟ್ಟಿನವರ ಬದುಕು ಹೇಗಿರುತ್ತದೆಂದು ಹೊರಗಿನವರಿಗೆ ಗೊತ್ತಿರುವುದಿಲ್ಲ. ಅವರು ನಡೆಯುತ್ತಲೇ ನುಡಿಸುತ್ತಾರೆ. ಜನ ಅವರ ಬೆನ್ನ ಹಿಂದೆ ಇರುತ್ತಾರೆ, ಮುಖ ನೋಡುವವರಿಲ್ಲ. ಮದುವೆಮನೆಯಲ್ಲಿ ಊಟ ಎಲ್ಲರದೂ ಆದ ಮೇಲೆ, ಚಪ್ಪರದ ಹಿಂದೆ, ಪಾತ್ರೆ ತೊಳೆಯುವ ಕಡೆ. ನಾನು ಅವರಿಗೆ ಮಾತು ಕೊಟ್ಟೆ. ಕುರ್ಚಿಯ ಮೇಲೆ ಕೂರುತ್ತೀರಿ, ಜನ ಎದುರಿಗೆ ಮುಖ ಮಾಡಿ ಕೂರುತ್ತಾರೆ, ನಿಮ್ಮ ಊಟ ಕಾರ್ಯಕ್ರಮಕ್ಕೆ ಮೊದಲು, ಬಂದವರ ಜೊತೆ ಅದೇ ಟೇಬಲ್ಲಿನಲ್ಲಿ. ಸುಷ್ಮಾಳನ್ನು ಕೇಳಿದಾಗ “ಆಫ್ ಕೋರ್ಸ್ ಮಿಸ್, ನೀವ್ ಹೇಳಿದ್ ಮೇಲೆ ಮುಗೀತು” ಎಂದಳು.

ಮೊದಲ ಶನಿವಾರ ಸಾಹೇಬರಿಗೆ ಕುರ್ಚಿಯ ಮೇಲೆ ಉಸಿರೇ ಏಳಲಿಲ್ಲ. ಎರಡು ಸಲ ಊದಿ ನಿಲ್ಲಿಸಿದರು. “ಕಾಲು ಸುಮ್ನಿದ್ರೆ ದಮ್ಮು ಬರಲ್ಲ ಟೀಚರಮ್ಮ” ಎಂದರು. ಕೂತಲ್ಲೇ ಕಾಲಾಡಿಸಿ ಎಂದೆ. ಕುರ್ಚಿಯ ಕೆಳಗೆ ಅವರ ಎರಡು ಪಾದಗಳೂ ಎಡ, ಬಲ, ಎಡ, ಬಲ ಎಂದು ಮಾರ್ಚ್ ಮಾಡತೊಡಗಿದವು. ಆಗ ನಾದ ಬಂತು. ಟೇಬಲ್ಲುಗಳಲ್ಲಿ ತಟ್ಟೆಯ ಸದ್ದು ನಿಂತುಹೋಯಿತು. ಸಕ್ಕರೆ ಡಬ್ಬಿಗೆ ಕೈಹಾಕಿದ್ದ ಮುದುಕರೊಬ್ಬರು ಕೈಯನ್ನು ಅಲ್ಲೇ ಬಿಟ್ಟು ಕೇಳಿದ್ದು ಈಗಲೂ ಕಣ್ಣಮುಂದಿದೆ. ಕೆಲವೇ ವಾರಗಳಲ್ಲಿ ಅರಸೀಕೆರೆ, ಚಿಕ್ಕಮಗಳೂರಿನಿಂದೆಲ್ಲ ಕುಟುಂಬಗಳು ಬರತೊಡಗಿದವು.

ಮಷಿನ್‌ಗಳ ಸಾಲಿನಲ್ಲಿ ವೇದಿಕೆಗೆ ಅಂಟಿದಂತೆ ಒಂದು ಕಾರ್ ರೇಸ್ ಮಷಿನ್ ಇತ್ತು. ಸ್ವಲ್ಪ ಹೊತ್ತು ಯಾರೂ ಆಡದಿದ್ದರೆ ಅದು ತಾನಾಗಿ ಒಂದು ಪುಟ್ಟ ರಾಗ ಹಾಡುತ್ತಿತ್ತು. ಗಿರಾಕಿಗಳನ್ನು ಕರೆಯಲೆಂದು ಅದರೊಳಗೇ ಆ ಏರ್ಪಾಡು ಇರುತ್ತದೆ, ಅದಕ್ಕೆ ಅಟ್ರಾಕ್ಟ್ ಮೋಡ್ ಎನ್ನುತ್ತಾರೆ. ಐದೇ ಸ್ವರ. ಕೊನೆಯದು ಮಾತ್ರ ಪೂರ್ತಿ ಇಳಿಯದೆ ನಡುವೆ ನಿಂತುಬಿಡುತ್ತಿತ್ತು. ಸಾಹೇಬರು ಅದಕ್ಕೆ ಬೀಬಿ ಎಂದು ಹೆಸರಿಟ್ಟರು. “ನಮ್ಮನೇಲೂ ಒಬ್ಳು ಅವ್ಳೆ. ನಾನು ಹೋಗಿ ಎದುರಿಗೆ ಕೂರೋವರ್ಗೂ ಹಿಂಗೇ ಕರೀತಾ ಇರ್ತಾಳೆ.” ನುಡಿಸುತ್ತಿರುವಾಗ ಬೀಬಿ ಕರೆದರೆ, ಅವರು ಕ್ಲಾರಿನೆಟ್‌ನಲ್ಲೇ ಅವಳ ಅರ್ಧ ಸ್ವರವನ್ನು ಹಿಡಿದು, ಜಾರಿಸಿ, ಇಳಿಸಬೇಕಾದಲ್ಲಿಗೆ ಇಳಿಸಿ ತಮ್ಮ ರಾಗಕ್ಕೆ ಮರಳುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು.

ಎರಡು ತಿಂಗಳ ಮೇಲೆ ಸುಷ್ಮಾ ಒಂದು ಬೆಳಿಗ್ಗೆ ಹೇಳಿದಳು. “ಮಿಸ್, ತಗಡಿನ ಛಾವಣಿ, ಹಾಲ್ ತುಂಬಾ ಪ್ರತಿಧ್ವನಿ ಕೊಡ್ತಾ ಇದೆ. ಶಿವಮೊಗ್ಗದಿಂದ ಸೌಂಡ್ ಇಂಜಿನಿಯರ್ ಬರ್ತಾರೆ. ಒಂದೊಂದು ವಾದ್ಯನೂ ಬೇರೆ ಬೇರೆಯಾಗಿ ಕೇಳಿ ಸೆಟ್ ಮಾಡ್ಬೇಕಂತೆ.”

ಸೌಂಡ್ ಚೆಕ್ ನನಗೆ ಹೊಸದಲ್ಲ. ಸ್ಕೂಲ್ ಡೇ ದಿನ ಮೈಕಿನವರು ಪ್ರತಿಯೊಂದು ವಾದ್ಯವನ್ನೂ ಒಂದಿಷ್ಟು ನುಡಿಸಿ ನೋಡುತ್ತಿದ್ದರು. ಈ ಇಂಜಿನಿಯರ್ ಪೂರ್ತಿ ಹಾಡನ್ನೇ ಕೇಳಿದ. ಏಕೆಂದು ವಿಚಾರಿಸಿದೆ. ಕೆಳಗಿನ ಸ್ವರದಿಂದ ಮೇಲಿನ ಸ್ವರದವರೆಗೆ ಎಲ್ಲವೂ ಬೇಕು ಮೇಡಂ ಎಂದ. ನುಡಿಸುವವರ ಕಿವಿಗೆ ಹೆಡ್‌ಫೋನ್ ಹಾಕಿ, ಅದರಲ್ಲಿ ಟಿಕ್ ಟಿಕ್ ಎಂಬ ತಾಳ ಬಿಟ್ಟ. ಅದಕ್ಕೆ ಕ್ಲಿಕ್ ಟ್ರ್ಯಾಕ್ ಎನ್ನುತ್ತಾರೆ, ಬೇರೆ ಬೇರೆ ನುಡಿಸಿದರೂ ಲಯ ಒಂದೇ ಇರಲೆಂದು.

ಈರಣ್ಣ ಬಾರಿಸಿದ, ಸೆಟ್ಟಿನ ಟ್ರಂಪೆಟ್ಟಿನವರು ಊದಿದರು. ಸಾಹೇಬರು ಮಾತ್ರ ಒಪ್ಪಲಿಲ್ಲ.

“ಬ್ಯಾಂಡ್‌ನಲ್ಲಿ ಒಬ್ಬನೇ ನುಡಿಸೋದು ಇಲ್ಲ ಟೀಚರಮ್ಮ. ಉಸ್ತಾದ್ ಮುಂದೆ ಪಾಠ ಒಪ್ಸುವಾಗ ಒಂದೇ ಸಲ ಒಬ್ಬನೇ ನುಡಿಸೋದು. ಅವ್ರು ಸರಿ ಅಂದ್ಮೇಲೆ ಸೆಟ್‌ಗೆ ಸೇರೋದು. ಆಮೇಲೆ ಸಾಯೋವರ್ಗೂ ನಾಲ್ಕು ಜನದ ಜೊತೆನೇ. ನಮ್ ಉಸ್ತಾದ್ ಹೋಗಿ ಎಷ್ಟೋ ವರ್ಷ ಆಯ್ತು.”

ನಾನು ಬಲವಂತ ಮಾಡಲಿಲ್ಲ. ಹಾಲಿನ ಸದ್ದು ಸರಿಹೋದರೆ ಕೊನೆಯ ಟೇಬಲ್ಲಿನವರಿಗೂ ನಿಮ್ಮ ಉಸಿರು ಕೇಳುತ್ತದೆ ಎಂದಷ್ಟೇ ಹೇಳಿದೆ. ಅವರು ಬಹಳ ಹೊತ್ತು ಕ್ಲಾರಿನೆಟ್‌ನ ಊದುವ ತುದಿಯ ರೀಡನ್ನು ನಾಲಿಗೆಯಲ್ಲಿ ನೆನೆಸುತ್ತ ಕೂತರು.

“ಸರಿ. ನೀವೂ ಪಾಠ ಹೇಳೋರೇ ಅಲ್ವಾ. ನೀವು ಉಸ್ತಾದ್ ಅಂದ್ಕೊಂಡು ನುಡಿಸ್ತೀನಿ. ಎದುರಿಗೆ ಕೂತ್ಕೊಳ್ಳಿ, ಎದ್ದು ಹೋಗ್ಬಾರ್ದು.”

ಆ ವಾರವೆಲ್ಲ ಬೆಳಗಿನ ಹೊತ್ತು ಖಾಲಿ ಹಾಲಿನಲ್ಲಿ ನಾನು ಎದುರಿಗೆ ಕೂತೆ, ಅವರು ನುಡಿಸಿದರು. ಹೆಡ್‌ಫೋನನ್ನು ಒಂದೇ ಕಿವಿಗೆ ಹಾಕಿಕೊಂಡರು, ಇನ್ನೊಂದು ಕಿವಿ ನನ್ನ ಮಾತಿಗೆ. ತಪ್ಪೆನಿಸಿದರೆ ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದರು. ನಾನು ತಲೆಯಾಡಿಸಿದರೆ ಮುಂದುವರಿಯುತ್ತಿದ್ದರು. ಚಿಕ್ಕವಳಿದ್ದಾಗ ಬೋರ್ಡಿಂಗ್ ಶಾಲೆಯಲ್ಲಿ ಸಿಸ್ಟರ್ ಒಬ್ಬರು ನನಗೆ ಪಿಯಾನೋ ಕಲಿಸುವಾಗ ನಾನು ಹಾಗೆಯೇ ನೋಡುತ್ತಿದ್ದೆ. ಶಿವರಂಜನಿಯ ನಡುವೆ ಒಮ್ಮೆ ಬೀಬಿ ಕರೆದಳು. ಸಾಹೇಬರು ಎಂದಿನಂತೆ ಅವಳ ಅರ್ಧ ಸ್ವರವನ್ನು ಹಿಡಿದು ಇಳಿಸಿದರು. ಇಂಜಿನಿಯರ್ ಕೈಯೆತ್ತಿ ಇನ್ನೊಂದು ಸಲ ಎಂದ.

“ಇದು ಒಂದೇ ಸಲ ಬರೋದಪ್ಪ. ಬೀಬಿನೂ ಇರ್ಲಿ ಬಿಡು” ಎಂದರು ಸಾಹೇಬರು. ಎಲ್ಲರೂ ನಕ್ಕೆವು.

ಅದಾದ ಸ್ವಲ್ಪ ದಿನಕ್ಕೇ ಬೀಬಿಯ ಪಿಕ್ಚರ್ ಟ್ಯೂಬ್ ಸುಟ್ಟುಹೋಯಿತು. ಅಂಥ ಟ್ಯೂಬ್ ಈಗ ಎಲ್ಲೂ ಸಿಗುವುದಿಲ್ಲವಂತೆ. ವೈರ್ ಸುತ್ತಿಟ್ಟು, ಮೇಲೆ ಬಿಳಿಯ ಬಟ್ಟೆ ಹೊದಿಸಿದರು. ಅದೇ ಹೊತ್ತಿಗೆ ಸುಷ್ಮಾ, ವೇದಿಕೆ ರಿಪೇರಿ ಇದೆ, ಬ್ಯಾಂಡಿನವರಿಗೆ ಒಂದಿಷ್ಟು ದಿನ ರಜೆ ಕೊಡೋಣ ಎಂದಳು. “ನೀವೂ ರೆಸ್ಟ್ ತಗೊಳ್ಳಿ ಮಿಸ್. ಓಡಾಡಿ ಸಾಕಾಗಿದೀರ.” ಶಾಲೆಯಲ್ಲಿ ನನ್ನ ಚೀಲ ಹೊರುತ್ತಿದ್ದಳಲ್ಲ, ಅದೇ ದನಿ. ಸಾಹೇಬರಿಗೆ ನಾನೇ ಫೋನ್ ಮಾಡಿ ಹೇಳಿದೆ. “ಕುರ್ಚಿ ಮಾತ್ರ ಯಾರ್ಗೂ ಕೊಡ್ಬೇಡಿ” ಎಂದು ನಕ್ಕರು.

ರಜೆ ಉದ್ದವಾಯಿತು. ಸಾಹೇಬರು ಎರಡು ಸಲ ಕೇಳಿದರು. ನಾನು ಸುಷ್ಮಾಳನ್ನು ಕೇಳಿದೆ, ಇನ್ನೇನು ಆಗೇಬಿಡ್ತು ಮಿಸ್ ಎಂದಳು. ಹೀಗಿರುವಾಗ ನನ್ನ ಜೊತೆ ಟೀಚರ್ ಆಗಿದ್ದ ಗೆಳತಿಯೊಬ್ಬಳು ಮೊಮ್ಮಗಳ ಹುಟ್ಟುಹಬ್ಬದ ಊಟವನ್ನು ಗೋಡೌನ್‌ನಲ್ಲಿ ಇಟ್ಟುಕೊಂಡು ನನ್ನನ್ನೂ ಕರೆದಳು. ಸುಷ್ಮಾಳಿಗೆ ನಾನು ಬರುವುದು ಗೊತ್ತಿರಲಿಲ್ಲ.

ಭಾನುವಾರದ ಮಧ್ಯಾಹ್ನ. ಹಾಲ್ ತುಂಬಿತ್ತು. ವೇದಿಕೆಯ ಮೇಲೆ ಕಪ್ಪು ಶರ್ಟಿನ ಚಂದದ ಯುವಕರು ಐದಾರು ಮಂದಿ. ಒಬ್ಬನ ಕೈಯಲ್ಲಿ ಕ್ಲಾರಿನೆಟ್. ಹೊಸ ಬ್ಯಾಂಡ್ ಬಂದಿದೆ, ನನಗೆ ಹೇಳಿಯೇ ಇಲ್ಲವಲ್ಲ ಎಂದು ಒಂದು ಚೂರು ಬೇಸರವಾಯಿತು. ಆದರೂ ಕೇಳಿದೆ. ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು. ಈ ವಯಸ್ಸಿನ ಹುಡುಗನಿಗೆ ಇಂಥ ಉಸಿರು ಎಲ್ಲಿಂದ ಬಂತು ಎಂದು ಪಕ್ಕದವರಿಗೆ ಹೇಳುತ್ತಿದ್ದೆ. ಆಗ ಬೀಬಿ ಹಾಡಿದಳು.

ನಾನು ತಿರುಗಿ ನೋಡಿದೆ. ಬೀಬಿ ಬಿಳಿ ಬಟ್ಟೆ ಹೊದ್ದು ನಿಂತಿದ್ದಳು. ಸುತ್ತಿಟ್ಟ ವೈರ್ ಬದಿಯಲ್ಲಿ ಹಾಗೆಯೇ ನೇತಾಡುತ್ತಿತ್ತು. ಐದು ಸ್ವರಗಳು ಮುಗಿದವು, ಕೊನೆಯದು ನಡುವೆ ನಿಂತಿತು, ಕ್ಲಾರಿನೆಟ್ ಅದನ್ನು ಹಿಡಿದು ಜಾರಿಸಿ ಇಳಿಸಿತು. ವೇದಿಕೆಯ ಹುಡುಗ ಆ ಗಳಿಗೆಯಲ್ಲಿ ವಾದ್ಯವನ್ನು ಬಾಯಿಂದ ತೆಗೆದು ಯಾರದೋ ಫೋನಿಗೆ ನಗುತ್ತಿದ್ದ. ಆಮೇಲೆ ನನಗೆ ಇನ್ನೊಂದು ಸದ್ದೂ ಕೇಳಿಸಿತು. ಹಾಡಿನ ಅಡಿಯಲ್ಲಿ, ಮೆತ್ತಗೆ, ಮರದ ಹಲಗೆಯ ಮೇಲೆ ಎರಡು ಪಾದಗಳು. ಎಡ, ಬಲ, ಎಡ, ಬಲ.

ಸುಷ್ಮಾ ಅಡುಗೆಮನೆಯ ಪ್ಯಾಸೇಜಿನಲ್ಲಿ ಸಿಕ್ಕಳು. ನನ್ನ ಮುಖ ನೋಡಿಯೇ ತಿಳಿದುಕೊಂಡಳು.

“ಮಿಸ್, ಮೊದ್ಲು ನೀರು ಕುಡೀರಿ.”

“ಅದು ಸೌಂಡ್ ಚೆಕ್ ಆಗಿರಲಿಲ್ಲ.”

“ರೆಕಾರ್ಡಿಂಗ್ ಮಿಸ್. ಅವ್ರಿಗೆ ಆ ದಿನಗಳ ಸಂಭಾವನೆ ಕೊಟ್ಟಿದೀನಿ. ಅನ್ಯಾಯ ಏನೂ ಮಾಡಿಲ್ಲ.”

“ಬೋರ್ಡಿನಲ್ಲಿ ಲೈವ್ ಅಂತ ಇದೆ ಸುಷ್ಮಾ.”

ಅವಳು ಮಷಿನ್‌ಗಳ ಸಾಲಿನ ಕಡೆ ಕೈ ತೋರಿಸಿದಳು. “ಅವುಗಳಲ್ಲಿ ಅರ್ಧಕ್ಕೆ ಒಳಗಡೆ ಹೊಸ ಕಂಪ್ಯೂಟರ್ ಬೋರ್ಡ್ ಹಾಕ್ಸಿದೀನಿ. ಯಾರಾದ್ರೂ ಕೇಳಿದ್ರಾ? ರೆಟ್ರೋ ಅಂದ್ರೆ ಹಳೇದ್ರ ಥರ ಇರ್ಬೇಕು ಮಿಸ್, ಹಳೇದೇ ಆಗಿರ್ಬೇಕು ಅಂತಿಲ್ಲ. ರೀಲ್ಸ್‌ನಲ್ಲಿ ಜನ ನೋಡೋದು ಮುಖಾನ. ಸಾಹೇಬ್ರ ನಾದ ಬೇಕು, ಮುಖ ಅಲ್ಲ.”

ಮಷಿನ್‌ಗಳಿಗೆ ಹೊರಗೆ ಹಳೆಯದು, ಒಳಗೆ ಹೊಸದು. ಹಾಡಿಗೆ ಹೊರಗೆ ಹೊಸದು, ಒಳಗೆ ಹಳೆಯದು. ಲೆಕ್ಕ ಸರಿಯಾಗಿಯೇ ಇತ್ತು. ನನಗೆ ಒಂದು ಪ್ರಶ್ನೆ ಉಳಿದಿತ್ತು.

“ನನಗೆ ಯಾಕೆ ಹೇಳಲಿಲ್ಲ?”

“ಹೇಳಿದ್ರೆ ನೀವು ಎದುರಿಗೆ ಕೂತು ಕೇಳ್ತಿರ್ಲಿಲ್ಲ. ನೀವು ಕೇಳ್ದೇ ಇದ್ರೆ ಅವ್ರು ನುಡಿಸ್ತಿರ್ಲಿಲ್ಲ.” ಅವಳು ಕಣ್ಣು ತಗ್ಗಿಸಲಿಲ್ಲ. “ಮೊದ್ಲಿಂದ ಅಂದ್ಕೊಂಡಿದ್ದಲ್ಲ ಮಿಸ್, ಪ್ರಾಮಿಸ್. ಆದ್ರೂ ಅವ್ರ ಸಂಗೀತನ ಜನ ಎದುರಿಗೆ ಕೂತು ಕೇಳ್ತಾ ಇದಾರಲ್ಲ. ನಿಮಗೆ ಬೇಕಿದ್ದಿದ್ದು ಅದೇ ಅಲ್ವಾ?”

ನಿಲ್ಲಿಸು ಎಂದು ಕೇಳಿದೆ. ಆಗಲ್ಲ ಎಂದಳು. ಕೈಚೀಲದಲ್ಲಿದ್ದ ಕಾರ್ಡುಗಳ ಕಟ್ಟನ್ನು ನೀರಿನ ಲೋಟದ ಪಕ್ಕದಲ್ಲಿಟ್ಟು ಹೊರಗೆ ಬಂದೆ. ಗೆಳತಿಗೆ ಹೇಳಿ ಹೋಗುವಷ್ಟು ಮ್ಯಾನರ್ಸ್ ಕೂಡ ಆ ದಿನ ನನಗೆ ಉಳಿದಿರಲಿಲ್ಲ.

ತರೀಕೆರೆಯ ಬಸ್ಸು ಬೀರೂರಿನ ಮೇಲೆಯೇ ಹೋಗುತ್ತದೆ. ಇಳಿದುಬಿಟ್ಟೆ. ಸಾಹೇಬರು ಅಂಗಡಿಯಲ್ಲಿ ಸ್ಟೌ ಬಿಚ್ಚಿಕೊಂಡು ಕೂತಿದ್ದರು. ನಡೆದದ್ದನ್ನೆಲ್ಲ ಹೇಳಿದೆ. ಅವರು ಬರ್ನರ್ ಒರೆಸುತ್ತಲೇ ಕೇಳಿಸಿಕೊಂಡರು.

“ಬೀಬಿನೂ ಇದ್ಲಾ ಅದ್ರಲ್ಲಿ?”

“ಇದ್ದಳು.”

“ಹೂಂ. ನಾನೇ ಒಂದ್ಸಲ ಕೇಳ್ಬೇಕು ಟೀಚರಮ್ಮ.”

ಮುಂದಿನ ಭಾನುವಾರ ಈರಣ್ಣನೂ ಸೇರಿ ನಾವು ಮೂವರೂ ಹೋದೆವು. ಸಾಹೇಬರು ಇಸ್ತ್ರಿ ಮಾಡಿದ ಬಿಳಿ ಜುಬ್ಬಾ ಹಾಕಿದ್ದರು. ಕಾರ್ಯಕ್ರಮಕ್ಕೆ ಮೊದಲು ಅವರು ಊಟ ಮಾಡುತ್ತಿದ್ದ ಅದೇ ಟೇಬಲ್ಲಿನಲ್ಲಿ, ವೇದಿಕೆಗೆ ಮುಖ ಮಾಡಿ ಕೂತೆವು. ಮಂಡಕ್ಕಿ ಮಿರ್ಚಿ ತರಿಸಿದೆವು. ಯಾರೂ ಮುಟ್ಟಲಿಲ್ಲ. ಹಾಡು ಶುರುವಾಯಿತು. ಸಾಹೇಬರು ಕಣ್ಣು ಮುಚ್ಚಿಕೊಂಡರು. ನಾನು ಟೇಬಲ್ಲಿನ ಕೆಳಗೆ ನೋಡಿದೆ. ಅವರ ಪಾದಗಳು ನಡೆಯುತ್ತಿದ್ದವು, ಸ್ಪೀಕರಿನೊಳಗಿನ ಪಾದಗಳ ಜೊತೆಗೆ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲದೆ. ಜನ ಚಪ್ಪಾಳೆ ತಟ್ಟಿದರು. ಕಪ್ಪು ಶರ್ಟಿನ ಹುಡುಗ ಬಗ್ಗಿ ನಮಸ್ಕರಿಸಿದ.

“ಸಾಬ್ರೇ, ಚಪ್ಪಾಳೆ ಬಿತ್ತು, ಎದ್ದು ಕೈಮುಗೀರಿ” ಎಂದ ಈರಣ್ಣ. ತಮಾಷೆ ಮಾಡಲು ಹೊರಟವನು ತಟ್ಟೆಯನ್ನು ದೂರ ತಳ್ಳಿದ.

ಸುಷ್ಮಾ ನಮ್ಮನ್ನು ಕಂಡು ಬಂದಳು. ನನ್ನ ಕಡೆ ನೋಡಲಿಲ್ಲ. “ಸಾಹೇಬ್ರೇ, ಊಟ ಮಾಡ್ಕೊಂಡೇ ಹೋಗ್ಬೇಕು. ಬಿಲ್ ಕೊಡೋ ಹಾಗಿಲ್ಲ.”

“ಬೇಡಮ್ಮ. ಎಲ್ರದೂ ಆಗ್ಲಿ. ಆಮೇಲೆ ಹಿಂದ್ಗಡೆ ಹೋಗಿ ಉಣ್ತೀವಿ, ನಮ್ಗೆ ಅಭ್ಯಾಸ ಐತೆ.”

ಅವಳ ಮುಖ ಕೆಂಪಾಯಿತು. ಅಷ್ಟರಲ್ಲಿ ಯಾರೋ ಕರೆದರು, ಹೋದಳು. ಸಾಹೇಬರು ಟೇಬಲ್ಲಿಗೆ ಕೈಕೊಟ್ಟು ಎದ್ದರು.

ಬಸ್ ಸ್ಟ್ಯಾಂಡಿಗೆ ನಡೆದು ಬಂದೆವು. ಈರಣ್ಣ ನೀರು ತರಲು ಹೋದಾಗ ಸಾಹೇಬರು ರಸ್ತೆಯನ್ನೇ ನೋಡುತ್ತ ಕೇಳಿದರು. “ಚೆನ್ನಾಗಿ ನುಡಿಸಿದೀನಿ ಅಲ್ವಾ ಟೀಚರಮ್ಮ?”

“ತುಂಬಾ ಚೆನ್ನಾಗಿ.”

“ಉಸ್ತಾದ್ ಮುಂದೆ ನುಡಿಸಿದಂಗೇ ನುಡಿಸಿದ್ದೆ.” ಆಮೇಲೆ ನನ್ನ ಕಡೆ ತಿರುಗಿ, “ನಿಮ್ಗೆ ಗೊತ್ತಿತ್ತಾ?” ಎಂದರು.

“ಇಲ್ಲ ಸಾಹೇಬರೇ. ದೇವರಾಣೆ ಇಲ್ಲ.”

“ಹೂಂ” ಎಂದರು. ಆ ಹೂಂ ನಂಬಿದ್ದೋ, ನಂಬದೆ ಸುಮ್ಮನಾದದ್ದೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಗೋಡೌನ್ ಈಗಲೂ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ ಎಂದು ಕೇಳಿದ್ದೇನೆ. ಇಷ್ಟು ವರ್ಷದ ಕೆಲಸ ನನಗೆ ಕಲಿಸಿದ್ದರಲ್ಲಿ ಕೊನೆಯದಾಗಿ ಕಲಿತದ್ದು ಇದು. ಯಾರನ್ನಾದರೂ ಒಬ್ಬರೇ ನುಡಿಸಿ ಎಂದು ಕೇಳುವ ಮೊದಲು, ಆ ಕೋಣೆಯಲ್ಲಿ ಕೇಳಿಸಿಕೊಳ್ಳುತ್ತಿರುವವರು ಯಾರು ಯಾರು ಎಂದು ನೋಡಿಕೊಳ್ಳಬೇಕು. ಎದುರಿಗೆ ಕೂತವರು ನಾವು ಎಂದ ಮಾತ್ರಕ್ಕೆ, ಕೇಳುತ್ತಿರುವವರು ನಾವೇ ಆಗಿರುವುದಿಲ್ಲ.

ಬೀರೂರಿನ ಅಂಗಡಿಗೆ ಆಗಾಗ ಹೋಗುತ್ತೇನೆ. ಸಾಹೇಬರು ಸ್ಟೂಲ್ ಒರೆಸಿ ಕೊಡುತ್ತಾರೆ, ಮನೆಯಿಂದ ಚಹಾ ತರಿಸುತ್ತಾರೆ, ಬೀಬಿಯ ಬಗ್ಗೆ ಹಳೆಯ ಜೋಕು ಮಾಡುತ್ತಾರೆ. ಕ್ಲಾರಿನೆಟ್ ಶೆಲ್ಫಿನ ಮೇಲೇ ಇರುತ್ತದೆ, ಕೈಗೆಟಕುವ ಹಾಗೆ. ಒಂದು ಚೂರು ನುಡಿಸಿ ಎಂದರೆ ಇಲ್ಲ ಅನ್ನುವುದಿಲ್ಲ. ನಯವಾಗಿ ಸ್ಟೇಷನ್ನಿನ ಕಡೆ ನೋಡುತ್ತಾರೆ.

“ಅಜ್ಜಂಪುರದ ಟ್ರೈನ್ ಬರೋ ಹೊತ್ತಾಯ್ತು ಟೀಚರಮ್ಮ. ಈರಣ್ಣ ಬರ್ಲಿ.”